ಉದುರಿದ ಉಗುರನ್ನು ಎಸೆಯಬೇಡಿ, ತಿರುಗಿಸಿ ನೋಡಿ

ಪ್ರಶ್ನೆ: ನಾನು ಹಾಸನದವಳು. ಬೆಂಗಳೂರಿನಲ್ಲಿ ಐದು ದಿನದ ತರಬೇತಿ ಮುಗಿಸಿ, ಉಳಿದದ್ದನ್ನು ವಿಡಿಯೊ ನೋಡಿ ಕಲಿತು, ಎಂಟು ತಿಂಗಳಿಂದ ಮನೆಯ ಮುಂದಿನ ಕೋಣೆಯಲ್ಲೇ ಜೆಲ್ ಉಗುರು (ಲ್ಯಾಂಪಿನ ಬೆಳಕಿನಲ್ಲಿ ಗಟ್ಟಿಯಾಗುವ ಬಣ್ಣ) ಹಾಕುತ್ತಿದ್ದೇನೆ. ಮೂರು ವಾರ ನಿಲ್ಲಬೇಕಾದ ಜೆಲ್ ಐದಾರು ದಿನಕ್ಕೆ ಬುಡದಲ್ಲಿ ಏಳುತ್ತದೆ. ಹೆಬ್ಬೆರಳಿನದಂತೂ ಇಡಿಯಾಗಿ ಕಳಚಿ ಬರುತ್ತದೆ. ಮೂರು ಕಂಪನಿಗಳ ಜೆಲ್ ಬದಲಾಯಿಸಿದೆ, ಜೆಲ್‌ಗೆ ಮೊದಲು ಸವರುವ ಪ್ರೈಮರ್ ಎರಡೆರಡು ಸಲ ಹಚ್ಚಿದೆ, ಚೆನ್ನಾಗಿ ಹಿಡಿಯಲಿ ಎಂದು ಬಫರ್‌ನಿಂದ ಇನ್ನಷ್ಟು ಉಜ್ಜಿದೆ. ಮಳೆ ಶುರುವಾದ ಮೇಲೆ ಇನ್ನೂ ಹೆಚ್ಚಾಗಿದೆ. ನನ್ನ ಕೈಗುಣವೇ ಸರಿಯಿಲ್ಲವೇ? ಮುಂದಿನ ತಿಂಗಳು ಮದುಮಗಳೊಬ್ಬಳಿಗೆ ಉದ್ದನೆಯ ಎಕ್ಸ್‌ಟೆನ್ಷನ್ (ಉಗುರಿನ ತುದಿಗೆ ಸೇರಿಸುವ ಕೃತಕ ಉದ್ದ) ಹಾಕಿಕೊಡಲು ಕೇಳಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಕೈಗುಣದ ಮಾತನ್ನು ಮೊದಲು ಬಿಟ್ಟುಬಿಡಿ. ಸಾರಿಗೆ ಕೈಗುಣ ಇರಬಹುದು, ಜೆಲ್‌ಗೆ ಇಲ್ಲ. ಚಿಕ್ಕಮಗಳೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲ ವರ್ಷ ನನ್ನ ಬಳಿ ಬಂದವರಲ್ಲಿ ಅರ್ಧದಷ್ಟು ಮಂದಿ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಆಗ ನಾನು ಮಾಡಿದ್ದೂ ನೀವು ಈಗ ಮಾಡುತ್ತಿರುವುದನ್ನೇ. ಜೆಲ್ ಬದಲಾಯಿಸಿದೆ, ಪ್ರೈಮರ್ ಸುರಿದೆ, ಪಾಪದ ಉಗುರನ್ನು ಉಜ್ಜಿ ಉಜ್ಜಿ ಕಾಗದ ಮಾಡಿದೆ. ಕಳಚಿ ಬಂದ ಜೆಲ್ಲನ್ನು ಮಾತ್ರ ಒಂದು ದಿನವೂ ಕೈಯಲ್ಲಿ ಹಿಡಿದು ನೋಡಲಿಲ್ಲ. ನಾಚಿಕೆಯಾಗಿ ಕಸದ ಬುಟ್ಟಿಗೆ ಹಾಕುತ್ತಿದ್ದೆ.

ಆ ಬುಟ್ಟಿಯಲ್ಲೇ ನನ್ನ ಪಾಠವಿತ್ತು. ಇನ್ನು ಮುಂದೆ ನಿಮ್ಮ ಗಿರಾಕಿಗಳಿಗೆ ಹೇಳಿಡಿ: ಕಳಚಿದ್ದನ್ನು ಎಸೆಯಬೇಡಿ, ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ತನ್ನಿ. ತಂದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೆಳಮೈ ನೋಡಿ. ಅದು ಗಾಜಿನಂತೆ ನುಣ್ಣಗೆ ಹೊಳೆಯುತ್ತಿದ್ದರೆ ಜೆಲ್ ಉಗುರನ್ನು ಹಿಡಿದೇ ಇರಲಿಲ್ಲ. ನಡುವೆ ಎಣ್ಣೆಯೋ ನೀರೋ ಇತ್ತು, ಇಲ್ಲವೇ ಉಗುರಿನ ಹೊಳಪು ಹಾಗೇ ಉಳಿದಿತ್ತು. ಅಂಟಂಟಾಗಿದ್ದರೆ ಅಥವಾ ಉಗುರಿನಿಂದ ಒತ್ತಿದಾಗ ಮೇಣದಂತೆ ಗುರುತು ಬಿದ್ದರೆ ಒಳಗೆ ಕ್ಯೂರ್ ಆಗಿಲ್ಲ, ಅಂದರೆ ಲ್ಯಾಂಪಿನ ಬೆಳಕಿಗೆ ಪೂರ್ತಿ ಗಟ್ಟಿಯಾಗಿಲ್ಲ. ಬುಡದ ಅಂಚಿನಲ್ಲಿ ಬಿಳಿಯ ಪೊರೆಯ ಚೂರುಗಳು ಕಂಡರೆ ಕ್ಯೂಟಿಕಲ್ ಉಳಿಸಿದ್ದೀರಿ. ಉಗುರಿನ ಬಿಳಿ ಹಕ್ಕಳೆಗಳೇ ಉದ್ದಗಲಕ್ಕೂ ಅಂಟಿಕೊಂಡು ಬಂದಿದ್ದರೆ ಜೆಲ್ ಚೆನ್ನಾಗಿಯೇ ಹಿಡಿದಿತ್ತು, ಯಾರೋ ಕಿತ್ತಿದ್ದಾರೆ. ಆ ಯಾರೋ ಯಾರೆಂದು ಕೇಳಿದರೆ ಬಸ್ಸಿನಲ್ಲಿ ಬೇಜಾರಾಗಿ ಹೀಗೇ ಎಬ್ಬುತ್ತಿದ್ದೆ ಎನ್ನುತ್ತಾರೆ. ಅದಕ್ಕೆ ನೀವು ಹೊಣೆಯಲ್ಲ.

ನೀವು ಕಳುಹಿಸಿದ ಮೂರು ಚಿತ್ರಗಳಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಬೆರಳುಗಳದ್ದು ಬುಡದ ತೊಂದರೆ. ಹೆಬ್ಬೆರಳಿನದು ಲ್ಯಾಂಪಿನದು. ಎರಡಕ್ಕೂ ಒಂದೇ ಮದ್ದು ಎಂದು ಪ್ರೈಮರ್ ಹಚ್ಚುತ್ತಾ ಹೋದದ್ದರಿಂದ ಯಾವುದೂ ವಾಸಿಯಾಗಲಿಲ್ಲ.

ಬುಡದ ವಿಷಯ ಮೊದಲು. ಕ್ಯೂಟಿಕಲ್ ಎಂದರೆ ಉಗುರಿನ ಬುಡದಲ್ಲಿ ಕಾಣುವ ಮೆತ್ತನೆಯ ಚರ್ಮದ ಮಡಿಕೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಆ ಮಡಿಕೆ ಜೀವಂತ ಚರ್ಮ. ಕತ್ತರಿಸಿದರೆ ರಕ್ತ ಬರುತ್ತದೆ, ಉಗುರುಸುತ್ತಿಗೂ ದಾರಿಯಾಗುತ್ತದೆ. ನಿಜವಾದ ಕ್ಯೂಟಿಕಲ್ ಆ ಮಡಿಕೆಯ ಅಡಿಯಿಂದ ಹೊರಟು ಉಗುರಿಗೆ ಅಂಟಿಕೊಂಡೇ ಮುಂದೆ ಸಾಗುವ ಸತ್ತ ಪೊರೆ. ಈರುಳ್ಳಿಯ ಎರಡು ಪದರಗಳ ನಡುವೆ ಒಂದು ತೆಳು ಪೊರೆ ಇರುತ್ತದಲ್ಲ, ಬೆರಳಿಗೆ ಸಿಕ್ಕಿದಾಗ ಮಾತ್ರ ಇದೆ ಎಂದು ತಿಳಿಯುವಂಥದ್ದು, ಹಾಗೆ. ನೀವು ಪುಷರ್‌ನಿಂದ ಮಡಿಕೆಯನ್ನು ಹಿಂದಕ್ಕೆ ತಳ್ಳಿ, ಸ್ವಚ್ಛವಾಯಿತು ಎಂದು ಮುಂದುವರಿಯುತ್ತಿದ್ದೀರಿ. ಪೊರೆ ಅಲ್ಲೇ ಇದೆ. ನಿಮ್ಮ ಜೆಲ್ ಹಿಡಿದಿರುವುದು ಉಗುರನ್ನಲ್ಲ, ಆ ಪೊರೆಯನ್ನು. ಪೊರೆ ಎದ್ದಾಗ ಜೆಲ್ಲೂ ಏಳುತ್ತದೆ. ಸುಣ್ಣ ಕೆರೆಯದೆ ಗೋಡೆಗೆ ಹೊಸ ಬಣ್ಣ ಬಳಿದಂತೆ.

ನಾನು ಮಾಡುವುದು ಹೀಗೆ. ಮಡಿಕೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ ಮೇಲೆ, ಪುಷರ್‌ನ ಅಂಚನ್ನು ಉಗುರಿನ ಮೇಲೆ ವಾಲಿಸಿ ಹಿಡಿದು, ಒತ್ತದೆ, ಸಣ್ಣ ಸಣ್ಣ ಸುತ್ತುಗಳಲ್ಲಿ ಬುಡದಿಂದ ಎರಡೂ ಪಕ್ಕದ ಸಂದಿಗಳವರೆಗೆ ಸವರುತ್ತೇನೆ. ಗೋಧಿ ಹಿಟ್ಟಿನಂಥ ಬಿಳಿ ಪುಡಿ ಏಳುತ್ತದೆ. ಪುಡಿ ಬರುವುದು ನಿಂತ ಮೇಲೆ ಬೆರಳನ್ನು ಓರೆ ಮಾಡಿ ಬೆಳಕಿನಲ್ಲಿ ನೋಡುತ್ತೇನೆ. ಪಕ್ಕದ ಸಂದಿಗಳಲ್ಲಿ ಇನ್ನೂ ಸ್ವಲ್ಪ ಉಳಿದೇ ಇರುತ್ತದೆ. ಹನ್ನೊಂದು ವರ್ಷವಾದರೂ ನನಗೂ ಉಳಿಯುತ್ತದೆ. ಅದನ್ನು ತೆಗೆದ ಮೇಲೆ 180 ಗ್ರಿಟ್ ಒರಟುತನದ ಬಫರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ಝಾಡಿಸಿ, ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸುತ್ತೇನೆ. ಒರೆಸಿದ ಮೇಲೆ ಆ ಉಗುರನ್ನು ನಾನಾಗಲಿ ಅವರಾಗಲಿ ಮುಟ್ಟುವಂತಿಲ್ಲ. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಳ್ಳುತ್ತದೆ, ಎತ್ತಿಕೊಂಡು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುತ್ತಾರೆ. ಬೆಳಿಗ್ಗೆ ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಉಗುರಿಗೆ ಬಂತು. ಮತ್ತೆ ಒರೆಸಿ.

ಎಲ್ಲ ಸೇರಿ ಹತ್ತು ಬೆರಳಿಗೆ ನನಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ನಿಮಗೆ ನಲವತ್ತು ಹಿಡಿಯಲಿ. ವಿಡಿಯೊದಲ್ಲಿ ಈ ಭಾಗವನ್ನು ನಾಲ್ಕು ಸೆಕೆಂಡಿಗೆ ಕತ್ತರಿಸಿರುತ್ತಾರೆ, ಏಕೆಂದರೆ ನೋಡಲು ಇದರಷ್ಟು ಬೇಸರದ್ದು ಇನ್ನೊಂದಿಲ್ಲ.

ಬುಡದಲ್ಲಿ ಇನ್ನೊಂದು ತಪ್ಪಿದೆ, ನಿಮ್ಮ ಎರಡನೆಯ ಚಿತ್ರದ ಉಂಗುರಬೆರಳಿನಲ್ಲಿ ಅದು ಎದ್ದು ಕಾಣುತ್ತದೆ. ಜೆಲ್ ಚರ್ಮದ ಮೇಲೆ ಹರಿದಿದೆ. ಚರ್ಮ ಅಲ್ಲಾಡುತ್ತದೆ, ಬೆವರುತ್ತದೆ, ಹೊಪ್ಪಳಿಸುತ್ತದೆ, ಉಗುರು ಹಾಗಲ್ಲ. ಎರಡನ್ನೂ ಒಟ್ಟಿಗೆ ಹಿಡಿದ ಜೆಲ್ ಮೊದಲು ಚರ್ಮವನ್ನು ಬಿಡುತ್ತದೆ, ಬಿಟ್ಟ ಜಾಗದಿಂದ ಪಾತ್ರೆ ತೊಳೆಯುವ ನೀರು ಒಳಗೆ ಹೋಗುತ್ತದೆ. ಚರ್ಮಕ್ಕೂ ಜೆಲ್ಲಿಗೂ ನಡುವೆ ಒಂದು ಕೂದಲೆಳೆಯಷ್ಟು ಜಾಗ ಬಿಡಿ. ಬ್ರಷ್ಷಿನಲ್ಲಿ ಜೆಲ್ ಕಡಿಮೆ ಇರಲಿ, ಬುಡದಿಂದ ಸ್ವಲ್ಪ ಮುಂದೆ ಇಟ್ಟು, ಅಲ್ಲಿಂದ ಹಿಂದಕ್ಕೆ ಮೆಲ್ಲಗೆ ತಳ್ಳಿ. ಹರಿಯಿತೋ, ಲ್ಯಾಂಪಿಗೆ ಇಡುವ ಮೊದಲೇ ಚೂಪು ಕಡ್ಡಿಯಿಂದ ಸುತ್ತಲೂ ಗೀರಿ ತೆಗೆಯಿರಿ. ಗಟ್ಟಿಯಾದ ಮೇಲೆ ಫೈಲ್ ಮಾಡಿದರಾಯಿತು ಎನ್ನುವುದು ಸೋಮಾರಿಯ ಲೆಕ್ಕ.

ಈಗ ಉಜ್ಜುವ ವಿಷಯ. ಇದನ್ನು ಇವತ್ತೇ ನಿಲ್ಲಿಸಬೇಕು. ಕೈಯುಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪ್ರತಿ ಸಲ ಉಜ್ಜಿದಾಗ ಅದರಲ್ಲಿ ಒಂದಿಷ್ಟು ಹೋಗುತ್ತದೆ. ತೆಳುವಾದ ಉಗುರು ಬಾಗುತ್ತದೆ; ಮೇಲಿನ ಜೆಲ್ ಅಷ್ಟು ಬಾಗುವುದಿಲ್ಲ; ಬಾಗುವುದಕ್ಕೂ ಬಾಗದ್ದಕ್ಕೂ ನಡುವಿನ ಹಿಡಿತ ಬಿಟ್ಟೇ ಬಿಡುತ್ತದೆ. ಹಿಡಿಯಲಿ ಎಂದು ಉಜ್ಜಿದ್ದೇ ಬಿಡಲು ಕಾರಣವಾಯಿತು. ತೆಳು ಉಗುರಿನವರೇ ಲ್ಯಾಂಪಿನಲ್ಲಿ ಕೈಯಿಟ್ಟಾಗ ಸುಡುತ್ತಿದೆ ಎಂದು ಎಳೆದುಕೊಳ್ಳುವುದು. ಜೆಲ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪ ಪದರಕ್ಕೆ ಹೆಚ್ಚು ಶಾಖ, ತೆಳು ಉಗುರಿಗೆ ಹೆಚ್ಚು ಉರಿ. ಬುಡದ ಹತ್ತಿರ ಕೆಂಪು ಪಟ್ಟಿ ಕಂಡರೆ ಫೈಲ್ ಒಂದೇ ಜಾಗದಲ್ಲಿ ಆಳಕ್ಕೆ ಇಳಿದಿದೆ ಎಂದು ಅರ್ಥ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಆ ಗಾಯ ತುದಿಗೆ ಬಂದು ಕತ್ತರಿಸಿ ಹೋಗಲು ಐದಾರು ತಿಂಗಳು ಬೇಕು. ಡ್ರಿಲ್ ಮಷೀನ್ ಕೊಂಡಿದ್ದರೆ ಸದ್ಯಕ್ಕೆ ಅದನ್ನು ಹಳೆಯ ಜೆಲ್ ತೆಳು ಮಾಡಲು ಮಾತ್ರ ಬಳಸಿ, ಬರಿಯ ಉಗುರಿಗೆ ತಾಗಿಸಬೇಡಿ.

ಪ್ರೈಮರ್ ಎರಡು ಸಲ ಏಕೆ? ಅದು ಗೋಂದಲ್ಲ. ಒಂದು ತೆಳು ಸವರು ಸಾಕು. ಹೆಚ್ಚಾಗಿ ನಿಂತ ಪ್ರೈಮರ್ ತಾನೇ ಒಂದು ಜಾರುವ ಪದರವಾಗುತ್ತದೆ. ಅದರ ಬದಲು ಬಣ್ಣದ ಅಡಿಗೆ ಹಾಕುವ ಬೇಸ್ ಕೋಟಿನ ಮೊದಲ ಸವರನ್ನು ತೀರಾ ತೆಳ್ಳಗೆ ಹಾಕಿ, ಬ್ರಷ್ಷಿನಿಂದ ಉಗುರಿಗೆ ತಿಕ್ಕಿದ ಹಾಗೆ ಹಚ್ಚಿ ಕ್ಯೂರ್ ಮಾಡಿ. ಆಮೇಲೆ ಮೇಲಿನದು.

ಇನ್ನು ಹೆಬ್ಬೆರಳು. ಕ್ಯೂರಿಂಗ್ ಎಂಬ ಪದ ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ. ಇಲ್ಲಿ ಆಟೊದವರಿಗೆ ಕ್ಯೂರಿಂಗ್ ಎಂದರೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಗೇಟಿಗೆ ಕರೆದೊಯ್ಯುತ್ತಾರೆ. ಕಣದಲ್ಲಿ ಹರಡಿದ ಕಾಫಿ ಒಣಗಿದೆಯೇ ಎಂದು ಹಳೆಯ ಬೆಳೆಗಾರರು ಕಣ್ಣಿನಲ್ಲಿ ನೋಡಿ ನಂಬುವುದಿಲ್ಲ. ಒಂದು ಬೀಜ ಎತ್ತಿ ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಮೇಲೆ ಒಣಗಿ ಒಳಗೆ ಹಸಿಯಿದ್ದದ್ದು ಮೂಟೆಯಲ್ಲಿ ಬೂಸಲು ಹಿಡಿಯುತ್ತದೆ ಎಂದು ಅವರಿಗೆ ಗೊತ್ತು. ಜೆಲ್ ಕೂಡ ಹಾಗೆಯೇ. ಪೂರ್ತಿ ಕ್ಯೂರ್ ಆಗುವ ಬಹಳ ಮೊದಲೇ ಅದು ಮುಟ್ಟಲು ಗಟ್ಟಿಯೆನಿಸಿಬಿಡುತ್ತದೆ. ನಮ್ಮನ್ನು ಮೋಸ ಮಾಡುವುದೇ ಆ ಗಟ್ಟಿತನ.

ಜೆಲ್ ಒಣಗುವುದಿಲ್ಲ. ಅದರಲ್ಲಿರುವ ಒಂದು ಪದಾರ್ಥಕ್ಕೆ ತಕ್ಕ ತರಂಗದ ಬೆಳಕು ತಾಗಿದಾಗ ಸಣ್ಣ ಅಣುಗಳು ಸರಪಳಿಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈಗಿನ ಎಲ್‌ಇಡಿ ಲ್ಯಾಂಪುಗಳು ಸಾಮಾನ್ಯವಾಗಿ 365 ಮತ್ತು 405 ನ್ಯಾನೋಮೀಟರ್ ಸುತ್ತಲಿನ ಬೆಳಕು ಕೊಡುತ್ತವೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ವ್ಯಾಟ್ ಸಂಖ್ಯೆ ವಿದ್ಯುತ್ತಿನ ಲೆಕ್ಕ, ಉಗುರಿಗೆ ತಲುಪುವ ಬೆಳಕಿನದಲ್ಲ. ಅದನ್ನು ನಂಬಿ ನಾನೂ ಒಂದು ಅಗ್ಗದ ಲ್ಯಾಂಪ್ ತಂದು ಎರಡು ತಿಂಗಳು ಕೈಸುಟ್ಟುಕೊಂಡಿದ್ದೇನೆ. ನೀಲಿಯಾಗಿ ಉರಿಯುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಸಾಧ್ಯವಾದರೆ ಜೆಲ್ ತಯಾರಿಸಿದ ಕಂಪನಿಯೇ ಹೇಳಿದ ಲ್ಯಾಂಪ್ ಬಳಸಿ. ನೀವು ಮೂರು ಕಂಪನಿಯ ಜೆಲ್ ತಂದಿರಿ, ಲ್ಯಾಂಪ್ ಹಳೆಯದೇ. ಮೂರಕ್ಕೂ ಒಂದೇ ಬೆಳಕು, ಒಂದೇ ಅರವತ್ತು ಸೆಕೆಂಡು ಸರಿಹೊಂದಬೇಕು ಎಂದು ಎಲ್ಲೂ ಇಲ್ಲ. ಯುರೋಪ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಟಿಪಿಒ ಎಂಬ ಬೆಳಕು ಹಿಡಿಯುವ ಪದಾರ್ಥವನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ, ಅದಿಲ್ಲದ ಜೆಲ್‌ಗಳು ಮಾರುಕಟ್ಟೆಗೆ ಬಂದಿವೆ. ಹಳೆಯ ಹೆಸರಿನ ಹೊಸ ಬಾಟಲಿ ತೆರೆದಾಗಲೂ ಸಮಯದ ಸೂಚನೆ ಮತ್ತೊಮ್ಮೆ ಓದಿ.

ಆದರೆ ಹೆಬ್ಬೆರಳು ಮಾತ್ರ ಕಳಚುವುದಕ್ಕೆ ಕಾರಣ ಇದಕ್ಕಿಂತ ಸರಳ. ಐದೂ ಬೆರಳನ್ನು ಒಟ್ಟಿಗೆ ಲ್ಯಾಂಪಿನೊಳಗೆ ಇಟ್ಟು ನೋಡಿ. ನಾಲ್ಕು ಉಗುರುಗಳು ಮೇಲೆ ನೋಡುತ್ತವೆ, ಹೆಬ್ಬೆರಳು ಪಕ್ಕಕ್ಕೆ ಮಗ್ಗುಲಾಗಿ ಮಲಗಿರುತ್ತದೆ. ಅದರ ಒಂದು ಬದಿಗೆ ಬೆಳಕು ಸರಿಯಾಗಿ ಬೀಳುವುದೇ ಇಲ್ಲ. ನಾಲ್ಕು ಬೆರಳು ಮೊದಲು, ಆಮೇಲೆ ಎರಡೂ ಹೆಬ್ಬೆರಳು ಬೇರೆಯಾಗಿ, ಉಗುರು ಮೇಲ್ಮುಖವಾಗಿರುವಂತೆ ಇಡಿಸಿ. ಇಷ್ಟೇ. ಕರೆಂಟಿನ ಕಡೆಗೂ ಗಮನವಿರಲಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಎಷ್ಟು ಸಲವೋ. ನಡುವೆ ಆರಿದರೆ ಉಳಿದ ಸೆಕೆಂಡುಗಳನ್ನು ಅಂದಾಜು ಮಾಡದೆ ಮೊದಲಿನಿಂದ ಪೂರ್ತಿ ಸಮಯ ಕೊಡಿ. ಚಾರ್ಜ್ ಮಾಡುವ ಲ್ಯಾಂಪಾದರೆ ಬ್ಯಾಟರಿ ಇಳಿದಾಗ ಬೆಳಕೂ ಇಳಿಯಬಹುದು.

ನಿಮ್ಮ ಲ್ಯಾಂಪನ್ನು ಕಚ್ಚಿ ನೋಡುವ ಬಗೆ ಹೇಳುತ್ತೇನೆ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ, ಉಗುರಿಗೆ ಹಾಕುವಷ್ಟೇ ದಪ್ಪಕ್ಕೆ ಜೆಲ್ ಸವರಿ, ಉಗುರಿಗೆ ಕೊಡುವಷ್ಟೇ ಸಮಯ ಕೊಡಿ. ಹೊರತೆಗೆದು ಗ್ಲೌಸ್ ಹಾಕಿದ ಕೈಯಿಂದ ಸಿಪ್ಪೆಯಂತೆ ಎಬ್ಬಿ, ಕೆಳಮೈಯನ್ನು ಕಡ್ಡಿಯಿಂದ ಗೀರಿ. ಕಡ್ಡಿಗೆ ಅಂಟಿಕೊಂಡರೆ ಉಗುರಿನ ಮೇಲೂ ಅದೇ ಆಗುತ್ತಿದೆ. ಕಪ್ಪು, ಕಡುನೀಲಿ, ಅಚ್ಚ ಬಿಳಿ ಬಣ್ಣಗಳಲ್ಲಿ ಇದನ್ನು ಮಾಡಿ ನೋಡಿದರೆ ನಿಮಗೇ ದಿಗಿಲಾಗುತ್ತದೆ, ಅವು ಬೆಳಕನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಒಂದು ದಪ್ಪ ಪದರದ ಬದಲು ಎರಡು ತೆಳು ಪದರ ಹಾಕಬೇಕೆನ್ನುವುದು ಇದಕ್ಕೇ. ಮೇಲ್ಮೈಯಲ್ಲಿ ಉಳಿಯುವ ತೆಳು ಅಂಟು ಮಾತ್ರ ದೋಷವಲ್ಲ. ಗಾಳಿಯ ಆಮ್ಲಜನಕ ತಾಗಿದ ಪದರ ಹಾಗೇ ಇರುತ್ತದೆ, ಮುಂದಿನ ಪದರ ಹಿಡಿಯಲು ಅದು ನೆರವಾಗುತ್ತದೆ. ಕೊನೆಯಲ್ಲಿ ಒರೆಸಿದರೆ ಸಾಕು.

ಮಳೆಗಾಲವನ್ನು ನೀವು ದೂರಿದ್ದೀರಿ, ಅದರಲ್ಲಿ ಅರ್ಧ ಸತ್ಯವಿದೆ. ಉಗುರು ನೀರನ್ನು ಬಲು ಬೇಗ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿದ ಉಗುರಿನ ಮೇಲೆ ಹಾಕಿದ ಜೆಲ್ಲಿಗೆ ಅದು ಕುಗ್ಗಿದಾಗ ನೆಲೆ ತಪ್ಪುತ್ತದೆ. ಹೋದ ಜುಲೈನಲ್ಲಿ ಮೂಡಿಗೆರೆಯಿಂದ ಒಬ್ಬರು ಬಂದಿದ್ದರು. ಬಸ್ಸಿಳಿದು ನೆನೆದುಕೊಂಡೇ ಒಳಬಂದರು, ವಾಪಸ್ ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಸರ ಮಾಡಿದರು. ನಾನೂ ಒಪ್ಪಿ ಕೈ ಒರೆಸಿ ಶುರು ಮಾಡಿದೆ. ನಾಲ್ಕನೆಯ ದಿನ ಫೋನ್ ಬಂತು. ಅಂದಿನಿಂದ ಕೈ ತೊಳೆದವರನ್ನು, ನೆನೆದು ಬಂದವರನ್ನು ಒಂದು ಲೋಟ ಕಾಫಿ ಕೊಟ್ಟು ಅರ್ಧ ಗಂಟೆ ಕೂರಿಸುತ್ತೇನೆ. ಬಿಸಿನೀರಿನಲ್ಲಿ ಬೆರಳು ನೆನೆಸುವ ಹಳೆಯ ಪದ್ಧತಿಯ ಮ್ಯಾನಿಕ್ಯೂರ್ ಜೆಲ್‌ಗೆ ಮೊದಲು ಬೇಡವೇ ಬೇಡ. ಡಿಸೆಂಬರ್ ಚಳಿಯ ಕಥೆ ಬೇರೆ: ಜೆಲ್ ಕೊಬ್ಬರಿ ಎಣ್ಣೆಯಂತೆ ಮಂದವಾಗುತ್ತದೆ, ಹರಡುವುದಿಲ್ಲ. ಬಾಟಲಿಯನ್ನು ಕೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದುಕೊಳ್ಳಿ. ಬಿಸಿಲಿಗೆ ಇಟ್ಟೀರಿ ಜೋಕೆ, ಬಾಟಲಿಯೊಳಗೇ ಕ್ಯೂರ್ ಆಗಿಬಿಡುತ್ತದೆ.

ಎದ್ದ ಜೆಲ್ಲಿನ ಸಂದಿಗೆ ಗೋಂದು ತುಂಬಿ ಕೂರಿಸುವ ಅಭ್ಯಾಸ ಇದ್ದರೆ ಬಿಡಿ. ಒಳಗೆ ಸಿಕ್ಕಿಕೊಂಡ ತೇವದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಎಲ್ಲರೂ ಅದನ್ನು ಫಂಗಸ್ ಎನ್ನುತ್ತಾರೆ. ಏನೇ ಇರಲಿ, ಹಸಿರು ಕಂಡ ಉಗುರಿಗೆ ಜೆಲ್ ತೆಗೆದು, ಹೊಸದು ಹಾಕದೆ, ಚರ್ಮವೈದ್ಯರ ಬಳಿ ಕಳುಹಿಸಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಿಮ್ಮ ಮೂರನೆಯ ಚಿತ್ರದಲ್ಲಿ ನಿಮ್ಮ ಕೈಯೂ ಇದೆ, ಗ್ಲೌಸ್ ಇಲ್ಲ, ತೋರುಬೆರಳಿನ ತುದಿಯಲ್ಲಿ ಜೆಲ್ ಮೆತ್ತಿದೆ. ನಾನೂ ಬ್ರಷ್ಷಿನ ಹೆಚ್ಚಿನ ಜೆಲ್ಲನ್ನು ಬೆರಳಿಗೆ ಒರೆಸಿಕೊಳ್ಳುತ್ತಿದ್ದೆ. ನಾಲ್ಕನೆಯ ವರ್ಷ ಆ ಬೆರಳಿನ ತುದಿ ತುರಿಸತೊಡಗಿತು, ಆಮೇಲೆ ಸಣ್ಣ ನೀರುಗುಳ್ಳೆ, ಆಮೇಲೆ ಚರ್ಮ ಸುಲಿದು ಬಿರುಕು. ಪಾತ್ರೆ ಸೋಪು ಎಂದುಕೊಂಡು ಸೋಪು ಬದಲಾಯಿಸಿದೆ. ಕಣ್ಣಿನ ರೆಪ್ಪೆ ಊದಿಕೊಂಡ ದಿನ ವೈದ್ಯರ ಬಳಿ ಹೋದೆ. ಜೆಲ್ಲಿನಲ್ಲಿರುವ ಮೆಥಾಕ್ರಿಲೇಟ್ ಎಂಬ ರಾಸಾಯನಿಕದ ಅಲರ್ಜಿ ಎಂದರು. ಇದು ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ಹಲ್ಲಿಗೆ ಸಿಮೆಂಟ್ ತುಂಬಿಸುವಾಗ, ಮೂಳೆಯ ಶಸ್ತ್ರಚಿಕಿತ್ಸೆಯಾದರೆ ಅಲ್ಲಿಯೂ ಇದೇ ಬಗೆಯ ಪದಾರ್ಥಗಳು ಬಳಕೆಯಾಗುವುದರಿಂದ ನಾನು ಮೊದಲೇ ತಿಳಿಸಬೇಕು. ಗಟ್ಟಿಯಾಗದ ಜೆಲ್ ಚರ್ಮಕ್ಕೆ ಪದೇ ಪದೇ ತಾಗುವುದೇ ಇದಕ್ಕೆ ಕಾರಣ. ಅಂದರೆ ಹರಿದ ಜೆಲ್, ಅರ್ಧ ಕ್ಯೂರ್ ಆದ ಜೆಲ್ ಬರೀ ಉದುರುವ ಪ್ರಶ್ನೆಯಲ್ಲ. ನಿಮ್ಮ ಗಿರಾಕಿಯ ಬೆರಳಿಗೂ ಇದೇ ಗತಿ ಬರಬಹುದು. ನೈಟ್ರೈಲ್ ಗ್ಲೌಸ್ ಹಾಕಿ, ಅದಕ್ಕೆ ಜೆಲ್ ತಾಗಿದರೆ ಕೂಡಲೇ ಬದಲಾಯಿಸಿ, ತೆಳು ಗ್ಲೌಸನ್ನು ಅದು ನಿಮಿಷಗಳಲ್ಲಿ ದಾಟುತ್ತದೆ. ಯಾರಾದರೂ ಉಗುರಿನ ಸುತ್ತ ತುರಿಕೆ ಎಂದರೆ ಆ ದಿನ ಕೆಲಸ ಬೇಡ.

ಕಲಿಯುವ ಬಗೆಗೆ ಒಂದು ಮಾತು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಮನೆಯಲ್ಲಿ ಅತ್ತಿಗೆಯೋ ಗೆಳತಿಯೋ ಇದ್ದರೆ ಅವರ ಎಡಗೈಗೆ ನಿಮ್ಮ ಹಳೆಯ ಕ್ರಮದಲ್ಲಿ, ಬಲಗೈಗೆ ಪೊರೆಯನ್ನು ಪೂರ್ತಿ ತೆಗೆದು ಹಾಕಿ. ಒಂದು ನೋಟ್‌ಬುಕ್ಕಿನಲ್ಲಿ ಬೆರಳು ಬೆರಳಿಗೆ ಬರೆದಿಡಿ: ಯಾವ ದಿನ, ಯಾವ ಕಡೆಯಿಂದ ಎದ್ದಿತು. ಬಲಗೈ ಮುದ್ದೆ ಮುರಿಯುತ್ತದೆ, ತೆಂಗಿನಕಾಯಿ ತುರಿಯುತ್ತದೆ, ಬೆಳ್ಳುಳ್ಳಿ ಸುಲಿಯುತ್ತದೆ, ಹೆಚ್ಚು ಏಟು ತಿನ್ನುವುದು ಅದೇ. ಅಷ್ಟಾದರೂ ಅದು ಎಡಗೈಗಿಂತ ಹೆಚ್ಚು ದಿನ ನಿಂತರೆ ನಿಮಗೆ ಇನ್ನೊಬ್ಬರ ಸಾಕ್ಷಿ ಬೇಡ.

ಮದುಮಗಳ ವಿಷಯ. ಉದ್ದನೆಯ ಎಕ್ಸ್‌ಟೆನ್ಷನ್ ಈಗ ಒಪ್ಪಿಕೊಳ್ಳಬೇಡಿ. ಉದ್ದ ಹೆಚ್ಚಿದಷ್ಟೂ ಸನ್ನೆಗೋಲು ಉದ್ದವಾಗುತ್ತದೆ. ತುದಿಗೆ ಬಿದ್ದ ಸಣ್ಣ ಏಟು ಬುಡವನ್ನು ಎಬ್ಬಿಸುತ್ತದೆ. ಅದನ್ನು ತಡೆಯಲು ಉಗುರಿನ ನಡುವೆ ಬಿಲ್ಡರ್ ಜೆಲ್ ಎಂಬ ದಪ್ಪ ಜೆಲ್ಲಿನ ದಿಣ್ಣೆ ಸರಿಯಾದ ಜಾಗದಲ್ಲಿ ಕೂರಬೇಕು, ನಿಮ್ಮ ಚಿತ್ರಗಳಲ್ಲಿ ಪಕ್ಕದಿಂದ ನೋಡಿದರೆ ಮೇಲ್ಮೈ ಮಟ್ಟಸವಾಗಿದೆ. ಧಾರೆಯ ಹೊತ್ತಿಗೆ ಒಂದು ಉಗುರು ಹಾರಿಹೋದರೆ ಆಲ್ಬಂನಲ್ಲಿ ಅದು ಉಳಿಯುತ್ತದೆ, ಹಾಸನದಂಥ ಊರಿನಲ್ಲಿ ಮಾತೂ ಉಳಿಯುತ್ತದೆ. ಅವಳ ಸ್ವಂತ ಉಗುರಿನ ಮೇಲೆಯೇ, ಬೆರಳ ತುದಿಯಿಂದ ಸ್ವಲ್ಪವೇ ಹೊರಗೆ ಬರುವಂತೆ, ಜೆಲ್ ಪಾಲಿಶ್ ಹಾಕಿಕೊಡುತ್ತೇನೆ ಎಂದು ಹೇಳಿ. ಮೆಹಂದಿಗೆ ಹಿಂದಿನ ದಿನ ಕರೆಸಿಕೊಳ್ಳಿ; ಮೆಹಂದಿಗೆ ನೀಲಗಿರಿ ಎಣ್ಣೆ ಬೆರೆಸುತ್ತಾರೆ, ಅದಾದ ಮೇಲೆ ಆ ಉಗುರಿನಿಂದ ಎಣ್ಣೆ ತೆಗೆಯುವುದು ಸುಲಭವಲ್ಲ. ತಿಳಿ ಗುಲಾಬಿ, ಹಾಲಿನ ಬಿಳಿ ಬೇಡ, ಅರಿಶಿನ ಶಾಸ್ತ್ರದ ದಿನವೇ ಅವು ಹಳದಿಯಾಗುತ್ತವೆ. ಕುಂಕುಮದ ಕೆಂಪೋ ಮೆರೂನೋ ಇರಲಿ, ಎರಡು ತೆಳು ಪದರ, ತುದಿಯ ಅಂಚಿಗೂ ಟಾಪ್ ಕೋಟ್ ಸವರಿ, ಹೆಬ್ಬೆರಳು ಬೇರೆಯಾಗಿ. ಅದೇ ಬಣ್ಣದ ಚಿಕ್ಕ ಬಾಟಲಿ ಸಾದಾ ನೇಲ್ ಪಾಲಿಶ್ ಒಂದನ್ನು ಅವಳ ತಂಗಿಯ ಕೈಯಲ್ಲಿ ಕೊಟ್ಟಿರಿ.